ಲಡಾಖ್ ಮನೆಗಳಲ್ಲಿ 'ಸಾಕು' ಅನ್ನೋದು ಹೇಗೆ?

ತುಮಕೂರು_ಹುಡುಗಿ:
ಆಗಸ್ಟ್‌ನಲ್ಲಿ ಅಮ್ಮನ ಜೊತೆ ಲಡಾಖ್‌ಗೆ ಹೊರಟಿದ್ದೇನೆ. ಲೇಹ್‌ನಲ್ಲಿ ಮೂರು ದಿನ, ಆಮೇಲೆ ರುಂಬಕ್ ಹಳ್ಳಿಯಲ್ಲಿ ಎರಡು ರಾತ್ರಿ ಹೋಂಸ್ಟೇ. ಅಮ್ಮನಿಗೆ 58, ಸಸ್ಯಾಹಾರಿ. ಅಲ್ಲಿ ಚಹಾಕ್ಕೆ ಉಪ್ಪು, ಬೆಣ್ಣೆ ಹಾಕುತ್ತಾರಂತೆ. ಅಮ್ಮನಿಗೆ ಕಾಫಿ ಸ್ವಲ್ಪ ನೀರಾದರೂ ಸೇರಲ್ಲ! ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ? ಮನೆಯವರಿಗೆ ಏನು ಒಯ್ಯಬೇಕು?

ಧಾರವಾಡ_ಅಲೆಮಾರಿ:
ನಾನು 2019ರ ಜುಲೈನಲ್ಲಿ ಹೋಗಿದ್ದೆ. ಜಿಂಗ್‌ಚೆನ್ ಅನ್ನೋ ಊರಿನಿಂದ ರುಂಬಕ್‌ವರೆಗೆ ನಡೆದು ಸುಸ್ತಾಗಿತ್ತು. ಮನೆಯಾಕೆ ಸೀದಾ ಅಡುಗೆಮನೆಗೇ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿ ಅಡುಗೆಮನೆಯೇ ಪಡಸಾಲೆ. ಗೋಡೆ ತುಂಬ ತಾಮ್ರ, ಹಿತ್ತಾಳೆ ಪಾತ್ರೆಗಳ ಸಾಲು, ಕೂರಲು ದಪ್ಪ ಹಾಸು, ಮುಂದೆ ಮೊಣಕಾಲೆತ್ತರದ ಮೇಜು.

ಗುರ್‌ಗುರ್ ಚಹಾ, ಅಂದರೆ ನೀವು ಹೇಳಿದ ಆ ಉಪ್ಪು-ಬೆಣ್ಣೆ ಚಹಾ, ಬಂತು. ಮರ್ಯಾದೆ ತೋರಿಸೋಣ ಅಂತ ಒಂದೇ ಗುಟುಕಿಗೆ ಕುಡಿದೆ. ತಪ್ಪಾಗಿದ್ದೇ ಅಲ್ಲಿ! ಕೆಳಗಿಡುವಷ್ಟರಲ್ಲಿ ಬಟ್ಟಲು ತುಂಬಿತ್ತು. ಮತ್ತೆ ಕುಡಿದೆ, ಮತ್ತೆ ತುಂಬಿತು. ಐದನೇ ಬಟ್ಟಲಿಗೆ ಆ ಮನೆಯ ಮಗಳಿಗೆ ನಗು ತಡೆಯಲಾಗಲಿಲ್ಲ. "ಖಾಲಿ ಮಾಡಬೇಡಿ, ತುಂಬಿದ್ದನ್ನು ಹಾಗೇ ಇಟ್ಟುಕೊಳ್ಳಿ, ಏಳುವಾಗ ಕುಡಿಯಿರಿ" ಅಂದಳು. ಅಮ್ಮನಿಗೂ ಇದನ್ನೇ ಹೇಳಿ. ಚಹಾ ಅಂದುಕೊಂಡರೆ ಸೇರಲ್ಲ. ತೆಳು ಸಾರು ಅಂದುಕೊಂಡರೆ ಇಳಿಯುತ್ತೆ.

ಬಾಯಲ್ಲಿ ಬೇಡ ಅಂದರೆ ಅಲ್ಲಿ ಬೇಡ ಅಂತ ಅರ್ಥವಲ್ಲ. ಮೊದಲು ಬೇಡ ಬೇಡ ಅನ್ನೋದೇ ಅತಿಥಿಯ ಮರ್ಯಾದೆ, ಅದಕ್ಕೆ ಝಾಂಗ್ಸ್ ಅಂತ ಹೆಸರೇ ಇದೆ. ಆದ್ದರಿಂದ ನಿಮ್ಮ ಮೊದಲ ಎರಡು 'ಬೇಡ' ಲೆಕ್ಕಕ್ಕಿಲ್ಲ. ನಮ್ಮ ಕಡೆ 'ಇನ್ನೊಂದ ಅರ್ಧ ರೊಟ್ಟಿ ತಗೋರಿ' ಅಂತ ಹಾಕೇ ಬಿಡ್ತಾರಲ್ಲ, ಹಾಗೆ.

ಇನ್ನೊಂದು ತಮಾಷೆ. ಮನೆಯಾಕೆಯನ್ನು 'ಆಮಾ-ಲೆ' ಅಂತ ಕರೆಯಬೇಕು. ಆ 'ಲೆ' ನಮ್ಮ 'ರೀ' ಇದ್ದಂತೆ, ಗೌರವಕ್ಕೆ. ಧಾರವಾಡದಲ್ಲಿ ಹಿರಿಯರಿಗೆ 'ಲೇ' ಅಂದರೆ ಕಪಾಳಕ್ಕೆ ಬೀಳುತ್ತೆ. ಆ ಪದ ನಾಲಿಗೆಗೆ ಬರಲು ನನಗೆ ಇಡೀ ದಿನ ಬೇಕಾಯಿತು.

ಮೈಸೂರು_ಮಾವ:
ಚಹಾ ಇರಲಿ, ಉಸಿರಿನ ಕಡೆ ಗಮನ ಕೊಡಮ್ಮ. ಲೇಹ್ ಸುಮಾರು 3,500 ಮೀಟರ್ ಎತ್ತರ, ರುಂಬಕ್ ಇನ್ನೂ ಮೇಲೆ, ಸುಮಾರು 4,000. ಲೇಹ್‌ನಲ್ಲಿ ಮೊದಲ ಎರಡು ದಿನ ಅಮ್ಮ ಸುಮ್ನೆ ಕೂತಿರಲಿ. ಬಿ.ಪಿ. ಇದ್ದರೆ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ.

ಮಾಂಸ ತಿನ್ನಲ್ಲ ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ. ಸ್ಕ್ಯೂ ಸಿಕ್ಕರೆ ಬಿಡಬೇಡಿ. ಗೋಧಿ ಹಿಟ್ಟಿನ ಉಂಡೆಯನ್ನು ಹೆಬ್ಬೆರಳಲ್ಲಿ ಒತ್ತಿ, ಆಲೂಗಡ್ಡೆ, ಟರ್ನಿಪ್ ಜೊತೆ ಬೇಯಿಸುತ್ತಾರೆ. ಒಣ ಶೌಚಾಲಯದ ವಿಷಯ ಅಮ್ಮನಿಗೆ ಮೊದಲೇ ಹೇಳಿರಿ. ನೆಲದಲ್ಲಿ ಒಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ನೀರು ಸುರಿಯಬಾರದು, ಮಣ್ಣು ಎಳೆದು ಹಾಕಬೇಕು. ಅದು ಹೊಲಕ್ಕೆ ಗೊಬ್ಬರ. ನಮ್ಮ ಮನೆಯವಳು ಬಾಗಿಲಲ್ಲೇ ಹತ್ತು ನಿಮಿಷ ನಿಂತಿದ್ದಳು!

ಲೇಹ್ ಮಾರ್ಕೆಟ್ಟಿನಿಂದ ಹಣ್ಣು, ತರಕಾರಿ ಒಯ್ಯಿರಿ, ಸಾಕು. ಬಾಡಿಗೆಯಲ್ಲಿ ಮಾತ್ರ ಚೌಕಾಸಿ ಬೇಡ.

ತುಮಕೂರು_ಹುಡುಗಿ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಚಹಾಕ್ಕೆ ತಲೆಯಾಡಿಸಿದರು, ಶೌಚಾಲಯಕ್ಕೆ ಮಾತೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ದನಿ ಬಂತು: "ಬರಿಗೈಯಲ್ಲಿ ಹೋಗೋಕಾಗುತ್ತಾ? ಆ ಆಮಾ-ಲೆಗೆ ಎಷ್ಟು ಚಕ್ಕುಲಿ ಸುಡಲಿ?"