ವಲ್ಕನ್ ಬಾಂಬರ್ ಕಿಟ್‌ನಿಂದ ಕಾಲ್ಪನಿಕ ಪ್ರಯಾಣಿಕ ವಿಮಾನ: ಅನುಭವ ಹಂಚಿಕೆ

ಪ್ರಶ್ನೆ: ನನ್ನ ಬಳಿ 1/144 ಪ್ರಮಾಣದ (ನಿಜವಾದ ವಿಮಾನಕ್ಕಿಂತ 144 ಪಟ್ಟು ಚಿಕ್ಕದಾದ) ಆವ್ರೋ ವಲ್ಕನ್ ಬಿ.2 ಎಂಬ ಬ್ರಿಟಿಷ್ ಬಾಂಬರಿನ ಪ್ಲಾಸ್ಟಿಕ್ ಮಾದರಿ ಕಿಟ್ ಇದೆ. ಅದನ್ನು 1950ರ ದಶಕದಲ್ಲಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಹಾರಿಸಿರಬಹುದಾದ ಪ್ರಯಾಣಿಕ ವಿಮಾನವಾಗಿ ಮಾರ್ಪಡಿಸುವ ಆಸೆಯಿದೆ. ಒಡಲಿಗೆ ಕಿಟಕಿಗಳ ಸಾಲನ್ನು ಅಂಟಿಸಿದರೆ ಸಾಕೇ? ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಅಷ್ಟೇ ಮಾಡಿದರೆ ಅದು ಕಿಟಕಿಗಳಿರುವ ಬಾಂಬರ್ ಆಗಿಯೇ ಉಳಿಯುತ್ತದೆ. ವಲ್ಕನ್ ಆಧಾರದ ಮೇಲೆ 'ಅಟ್ಲಾಂಟಿಕ್' ಎಂಬ ಪ್ರಯಾಣಿಕ ವಿಮಾನವನ್ನು ಆವ್ರೋ ಕಂಪನಿಯೇ ಯೋಜಿಸಿತ್ತಾದರೂ ಅದು ಕಾಗದ ಬಿಟ್ಟು ಮೇಲೇಳಲಿಲ್ಲ. ಇಂಥ ಮಾರ್ಪಾಟು ನಿಜವಾಗಿ ನಡೆದದ್ದು ಸೋವಿಯತ್ ಒಕ್ಕೂಟದಲ್ಲಿ. ಟುಪೊಲೆವ್ ಸಂಸ್ಥೆಯು ತನ್ನ ಟಿಯು-16 ಬಾಂಬರಿನಿಂದ, 1956ರಲ್ಲಿ ಸೇವೆಗೆ ಬಂದ ಟಿಯು-104 ವಿಮಾನವನ್ನು ರೂಪಿಸುವಾಗ ರೆಕ್ಕೆ, ಎಂಜಿನ್, ಬಾಲಗಳನ್ನು ಬಹುಮಟ್ಟಿಗೆ ಉಳಿಸಿಕೊಂಡು, ಒಡಲನ್ನು ಹೊಸದಾಗಿ ಅಗಲವಾಗಿ ಕಟ್ಟಿ, ನಡುಮಟ್ಟದಲ್ಲಿದ್ದ ರೆಕ್ಕೆಯನ್ನು ಒಡಲಿನ ಕೆಳಭಾಗಕ್ಕೆ ಇಳಿಸಿತು. ರೆಕ್ಕೆಯ ತೊಲೆಗಳು ಒಡಲನ್ನು ಅಡ್ಡ ಹಾಯ್ದರೆ ಬಾಂಬರಿಗೆ ಬಾಧಕವಿಲ್ಲ, ಬಾಂಬುಗಳು ಅವುಗಳ ಕೆಳಗೆ ಕೂರುತ್ತವೆ; ಪ್ರಯಾಣಿಕರು ಓಡಾಡಬೇಕಾದರೆ ಆ ತೊಲೆಗಳು ನೆಲಹಾಸಿನ ಅಡಿಗೆ ಹೋಗಲೇಬೇಕು.

ಆದ್ದರಿಂದ ಅದೇ ಪ್ರಮಾಣದ ಬೋಯಿಂಗ್ 707 ಕಿಟ್‌ನ ಒಡಲನ್ನು ಬಳಸಿಕೊಳ್ಳುವುದು ಒಳ್ಳೆಯದು. ನಿಜವಾದ ವಿಮಾನದಲ್ಲಿ ಅದರ ಅಗಲ 3.76 ಮೀಟರ್, ಅಂದರೆ ಮಾದರಿಯಲ್ಲಿ ಸುಮಾರು 26 ಮಿ.ಮೀ. ವಲ್ಕನ್‌ನ ಒಡಲು ಇದಕ್ಕಿಂತ ಸಣ್ಣದಾಗಿರುವುದರಿಂದ, ಅದರ ಜಾಗಕ್ಕೆ ಇದನ್ನು ಹಾಗೆಯೇ ತುರುಕಿದರೆ ರೆಕ್ಕೆಯ ಬುಡದಲ್ಲಿರುವ ಗಾಳಿದ್ವಾರಗಳ ಒಳ ಅಂಚು ಮುಚ್ಚಿಹೋಗುತ್ತದೆ. ರೆಕ್ಕೆಗಳನ್ನು ಬುಡದಲ್ಲಿ ಕತ್ತರಿಸಿ, ಹೊಸ ಒಡಲಿನ ಎರಡೂ ಬದಿಗೆ ಸರಿಸಿ, ಒಳಗೆ ಅಡ್ಡಲಾಗಿ ಹಿತ್ತಾಳೆಯ ಕಡ್ಡಿಯೊಂದನ್ನು ಹಾಯಿಸಿ ಕೂಡಿಸಿರಿ. ದೊಡ್ಡ ಸಂದುಗಳಿಗೆ ಎಂ-ಸೀಲ್ ಸಾಕಾಗುತ್ತದೆ. ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿರುವುದರಿಂದ, ಉಜ್ಜುವಾಗ ಸುತ್ತಲಿನ ಪ್ಲಾಸ್ಟಿಕ್ ಮೊದಲು ಸವೆಯದಂತೆ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ವಲ್ಕನ್‌ಗೆ ಅಡ್ಡ ಬಾಲವಿಲ್ಲವಾದ ಕಾರಣ 707ರ ಒಡಲಿನಲ್ಲಿ ಅಡ್ಡ ಬಾಲ ಕೂರಿಸಲು ಇರುವ ಸೀಳುಗಳನ್ನು ಮುಚ್ಚಿ, ರೆಕ್ಕೆಯ ಮುಂದಿನ ಒಡಲನ್ನೂ ಒಂದಿಷ್ಟು ಮೊಟಕುಗೊಳಿಸಿ. ಅಡ್ಡ ಬಾಲವಿಲ್ಲದ ಡೆಲ್ಟಾ (ತ್ರಿಕೋನ ರೆಕ್ಕೆಯ) ವಿಮಾನಕ್ಕೆ ಅಷ್ಟುದ್ದದ ಮೂತಿ ನಂಬುವಂತೆ ಕಾಣುವುದಿಲ್ಲ.

ಉತ್ತರ 2: ಮೊದಲ ಬಾರಿ ಮಾರ್ಪಾಟಿಗೆ ಕೈಹಾಕುವವರಿಗೆ ಎರಡು ಕಿಟ್‌ಗಳನ್ನು ಕತ್ತರಿಸುವುದು ಅತಿಯಾಯಿತೆಂದು ನನಗೆ ಅನ್ನಿಸುತ್ತದೆ. ಹಳೆಯ ಒಡಲನ್ನೇ ಉಳಿಸಿಕೊಳ್ಳುವುದಾದರೆ ಬಾಂಬ್ ಬಾಗಿಲುಗಳ ಗೆರೆಗಳನ್ನೂ ಬಾಲದ ತುದಿಯ ಎಲೆಕ್ಟ್ರಾನಿಕ್ ಉಪಕರಣಗಳ ಉಬ್ಬನ್ನೂ ಅಳಿಸಿಬಿಡಿ. ಕಿಟಕಿಗಳನ್ನು ಕೊರೆಯುವ ಬದಲು ಡೆಕಾಲ್ (ಚಿತ್ರ ಮುದ್ರಿಸಿ ಮಾದರಿಗೆ ಅಂಟಿಸುವ ತೆಳು ಪದರ) ಬಳಸಿ. 707ರಲ್ಲಿ ಅವುಗಳ ನಡುವಿನ ಅಂತರ 20 ಅಂಗುಲ, ಮಾದರಿಯಲ್ಲಿ ಮೂರೂವರೆ ಮಿ.ಮೀ. ಸಾಮಾನ್ಯ ಪ್ರಿಂಟರ್ ಬಿಳಿ ಬಣ್ಣವನ್ನು ಮುದ್ರಿಸುವುದಿಲ್ಲ; ಮೊದಲು ಒಡಲಿಗೆ ಬಿಳಿ ಬಳಿದು, ಅದರ ಮೇಲೆ ಗಾಢ ಬೂದು ಕಿಟಕಿಗಳನ್ನು ಅಂಟಿಸಿ. ಅವುಗಳ ಮೂಲೆಗಳು ದುಂಡಗಿರಲಿ. ಒಡಲಿನ ಚೌಕ ತೆರಪುಗಳ ಮೂಲೆಯಲ್ಲಿ ಬಿರುಕುಬಿಟ್ಟು ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು ಒಡೆದುಬಿದ್ದ 1954ರ ದುರಂತಗಳ ನಂತರ ಚೌಕ ಕಿಟಕಿಯ ಹೊಸ ಜೆಟ್ ವಿಮಾನವನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಉತ್ತರ 3: ಒಡಲಿನ ವಿಷಯದಲ್ಲಿ ನಾನು ಮೊದಲನೆಯವರ ಪಕ್ಷ. ಕಾಲದ ಬಗ್ಗೆ ಒಂದು ಮಾತಿದೆ. ಬಿ.2 ಬ್ರಿಟಿಷ್ ವಾಯುಪಡೆಗೆ ಬಂದದ್ದು 1960ರಲ್ಲಿ, ಏರ್ ಇಂಡಿಯಾಕ್ಕೆ 707 ಬಂದದ್ದೂ ಅದೇ ವರ್ಷ. ತಮ್ಮ ಕಲ್ಪನೆಯನ್ನು 1961ಕ್ಕೆ ಸರಿಸಿದರೆ ಅದು 707ರ ಪ್ರತಿಸ್ಪರ್ಧಿಯಾಗಿ ಸಹಜವಾಗಿ ನಿಲ್ಲುತ್ತದೆ. ಹೆಸರಿನಿಂದ 'ಇಂಟರ್‌ನ್ಯಾಷನಲ್' ಬಿಟ್ಟುಹೋದದ್ದು 1962ರಲ್ಲಾದ್ದರಿಂದ ಅದನ್ನೂ ಬರೆಯಬಹುದು. ಆದರೆ ಕಿಟಕಿಗಳ ಸುತ್ತ ಝರೋಖಾ (ಅರಮನೆ ಕಿಟಕಿಯ ಕಮಾನಿನಂಥ) ಚಿತ್ತಾರ ಬೇಡ, ಅದು 1971ರಲ್ಲಿ 747ರೊಂದಿಗೆ ಬಂದದ್ದು. ನೋಂದಣಿ ಅಕ್ಷರಗಳು ಭಾರತದ ವಿಮಾನಗಳ ಗುರುತಾದ 'ವಿಟಿ'ಯಿಂದ ಆರಂಭವಾಗಲಿ. ಒಡಲನ್ನು ಮುಚ್ಚುವ ಮುನ್ನ ಚಕ್ರಗಳ ಮೇಲೆ ನಿಲ್ಲಿಸಿ ನೋಡಿ, ಬಾಲ ನೆಲಕ್ಕೆ ಕುಸಿದರೆ ಮೂತಿಯೊಳಗೆ ಮೀನು ಗಾಳದ ಸೀಸದ ಗುಂಡುಗಳನ್ನು ಅಂಟಿಸಿ.