ಹೊಸ ಹೈಬ್ರಿಡ್ ಪಿಕಪ್ಪಿನ ‘ರನ್ನಿಂಗ್ ಇನ್’, ‘ಆಯಿಲ್ ಚೇಂಜ್’: ಕನ್ನಡದಲ್ಲಿ ಏನೆನ್ನೋಣ?

ಶಿವಮೊಗ್ಗದಿಂದ, ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾದ ಒಂದು ಅನುವಾದದಲ್ಲಿ ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ಇಂದೇ ಉತ್ತರಿಸಿ. ತೀರ್ಥಹಳ್ಳಿ ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ಓದುಗರೊಬ್ಬರು, ತಾವು ಕೊಂಡ ಫೋರ್ಡ್ ಮ್ಯಾವೆರಿಕ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್, ಎಲೆಕ್ಟ್ರಿಕ್ ಮೋಟರ್ ಎರಡೂ ಇರುವ) ಪಿಕಪ್ಪಿನ ಮೊದಲ ವರ್ಷದ ಆರೈಕೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಇಲ್ಲಿನ ಮಾಸಪತ್ರಿಕೆಯೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅವರು ಉದ್ದಕ್ಕೂ ‘ಟ್ರಕ್’ ಎಂದೇ ಬರೆದಿದ್ದಾರೆ. ನಮ್ಮಲ್ಲಿ ಟ್ರಕ್ಕು ಎಂದರೆ ಮರಳಿನ ಲಾರಿ ಕಣ್ಣಿಗೆ ಬರುವುದರಿಂದ ಅದನ್ನು ನಾನೇ ಪಿಕಪ್ ಎಂದು ಮಾಡಿಕೊಂಡಿದ್ದೇನೆ. ಆ ಬಗ್ಗೆ ಚರ್ಚೆ ಬೇಡ.

ಮೊದಲನೆಯದು ‘ರನ್ನಿಂಗ್ ಇನ್’. ಕಂಪನಿಯ ಕೈಪಿಡಿಯ ಪ್ರಕಾರ ಮೊದಲ 1,600 ಕಿಲೋಮೀಟರಿನವರೆಗೆ ಗಾಡಿಯನ್ನು ಅತಿ ವೇಗದಲ್ಲಿ ಓಡಿಸಬಾರದು, ಗಕ್ಕನೆ ಬ್ರೇಕ್ ಒತ್ತಬಾರದು, ಹಿಂದೆ ಟ್ರೈಲರ್ ಕಟ್ಟಿ ಎಳೆಸಬಾರದು. ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ಗೋಡೆ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವ ಈ ಕಾಲಕ್ಕೆ ‘ಆರಂಭಿಕ ಚಾಲನಾವಧಿ’ ಎಂದು ಬರೆದೆ; ಓದಿ ನೋಡಿದರೆ ಸರ್ಕಾರಿ ಸುತ್ತೋಲೆಯಂತೆ ಕೇಳಿಸಿತು, ಹೊಡೆದುಹಾಕಿದೆ. ಅಮೆರಿಕದವರು ಇದಕ್ಕೆ ‘ಬ್ರೇಕ್ ಇನ್’ ಎನ್ನುತ್ತಾರೆ. ಅದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದರೆ ಓದುವವರು ಬ್ರೇಕಿನ ವಿಷಯವೆಂದೇ ತಿಳಿಯುತ್ತಾರೆ.

ಎರಡನೆಯದು ‘ಆಯಿಲ್ ಚೇಂಜ್’. ಈ ಗಾಡಿಯಲ್ಲಿ ಆಯಿಲ್ ಯಾವಾಗ ಬದಲಿಸಬೇಕೆಂದು ಗಾಡಿಯ ಕಂಪ್ಯೂಟರೇ ಲೆಕ್ಕ ಹಾಕಿ ಸೂಚಿಸುತ್ತದೆ. ಆದರೂ 16,000 ಕಿಲೋಮೀಟರ್ ಅಥವಾ ಒಂದು ವರ್ಷ ದಾಟಬಾರದು. ಲೇಖಕರು ಅಷ್ಟು ಕಾಯದೆ 1,600 ಕಿಲೋಮೀಟರಿಗೇ ಮೊದಲ ಬಾರಿ ಬದಲಿಸಿದ್ದಾರೆ. ಹೊಸ ಎಂಜಿನ್ನಿನ ಭಾಗಗಳಿಂದ ಸವೆದು ಉದುರಿದ ಲೋಹದ ನವಿರಾದ ಪುಡಿ ಆಯಿಲ್ಲಿನಲ್ಲಿ ಸುತ್ತುತ್ತಿರುವುದು ಬೇಡವೆಂಬುದು ಅವರ ವಾದ, ಕೈಪಿಡಿಯ ಆಜ್ಞೆಯಲ್ಲ. ಶೀರ್ಷಿಕೆಗೆ ಒಂದು ನಾಮಪದ, ಒಳಗೆ ಒಂದು ಕ್ರಿಯಾಪದ ಬೇಕಾಗಿದೆ.

ಮೂರನೆಯದೇ ನಿಜವಾದ ತೊಡಕು. ಹೈಬ್ರಿಡ್ ಗಾಡಿ ನಿಂತಾಗ, ಮೆಲ್ಲಗೆ ಚಲಿಸುವಾಗ ಎಂಜಿನ್ ತಾನಾಗಿ ನಿಲ್ಲುತ್ತದೆ, ಬ್ಯಾಟರಿ ಇಳಿದಾಗ ತಾನಾಗಿ ಶುರುವಾಗುತ್ತದೆ. ಆದ್ದರಿಂದ ಆಯಿಲ್ ಮಟ್ಟ ನೋಡಲು ಬಾನೆಟ್ ಎತ್ತುವ ಮೊದಲು ‘ಎಂಜಿನ್ ಮಾತ್ರವಲ್ಲ, ಗಾಡಿಯೇ ಆಫ್ ಆಗಿರಬೇಕು’ ಎಂಬ ಎಚ್ಚರಿಕೆ ಲೇಖನದಲ್ಲಿದೆ. ಕನ್ನಡದಲ್ಲಿ ನಾವು ‘ಗಾಡಿ ಸ್ಟಾರ್ಟ್ ಆಗಲಿಲ್ಲ’, ‘ಗಾಡಿ ಆಫ್ ಆಯಿತು’ ಎನ್ನುವಾಗ ಗಾಡಿ ಎಂದರೆ ಎಂಜಿನ್ ಎಂದೇ ಅರ್ಥ; ಎಂಜಿನ್ನೂ ಓಡುತ್ತದೆ, ಗಾಡಿಯೂ ಓಡುತ್ತದೆ, ಎರಡಕ್ಕೂ ಒಂದೇ ಕ್ರಿಯಾಪದ. ಎಂಜಿನ್ ನಿಂತಿದ್ದರೂ ಓಡುವ ಗಾಡಿಯ ವಿಷಯದಲ್ಲಿ ಇದು ಬೆರಳಿಗೇ ಅಪಾಯ ತರುವ ಸಂದಿಗ್ಧ.

ತೀರ್ಥಹಳ್ಳಿಯಿಂದ

‘ಪಳಗಿಸುವುದು’ ಎಂದು ಬರೆಯಿರಿ. ಹೊಸ ಕಬ್ಬಿಣದ ಕಾವಲಿಯನ್ನು ತಂದ ದಿನವೇ ಯಾರೂ ಅದರ ಮೇಲೆ ದೋಸೆ ಹುಯ್ಯುವುದಿಲ್ಲ. ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಈರುಳ್ಳಿಯ ಹೋಳಿನಿಂದ ಉಜ್ಜಿ, ನಾಲ್ಕು ದಿನ ಪಳಗಿಸಿದ ಮೇಲೆಯೇ ಅದು ದೋಸೆಯನ್ನು ಬಿಟ್ಟುಕೊಡುತ್ತದೆ. ಕಬ್ಬಿಣ, ಎಣ್ಣೆ, ಉಜ್ಜಾಟ, ಹದವಾದ ಬಿಸಿ: ನಿಮ್ಮ ಎಂಜಿನ್ನಿನಲ್ಲಿ ನಡೆಯುವುದೂ ಇಷ್ಟೇ ತಾನೆ? ಸಕ್ರೆಬೈಲಿನ ಬಿಡಾರದಲ್ಲಿ ಆನೆಗೂ ಗದ್ದೆಯಲ್ಲಿ ಹೋರಿಗೂ ಇದೇ ಮಾತು. ಟ್ರೈಲರ್ ಕಟ್ಟಬಾರದೆಂಬ ಸೂಚನೆಯೂ ಆಗ ತಾನಾಗಿ ಅರ್ಥವಾಗುತ್ತದೆ, ಏಕೆಂದರೆ ಪಳಗದ ಹೋರಿಯನ್ನು ಯಾರೂ ತುಂಬಿದ ಗಾಡಿಗೆ ಹೂಡುವುದಿಲ್ಲ.

ಇನ್ನೊಂದು ಮಾತು. ಈ ಪದ ಹಳಗನ್ನಡದಲ್ಲಿ ‘ಪೞಗು’. ‘ಹಳೆಯ’ ಎಂಬುದರ ಹಿಂದಿನ ರೂಪದಲ್ಲೂ ಅದೇ ೞಕಾರವಿದೆ. ಎರಡೂ ಒಂದೇ ಬುಡದವೆಂದು ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ಹಾಗಿದ್ದರೆ ಪಳಗುವುದೆಂದರೆ ಕೆಡದೆ ಹಳತಾಗುವುದು ಎಂದಾಗುತ್ತದೆ, ಮತ್ತು 1,600 ಕಿಲೋಮೀಟರಿನ ಈ ನಯದ ಓಡಾಟಕ್ಕೆ ಅದಕ್ಕಿಂತ ಒಪ್ಪುವ ವಿವರಣೆ ಇಂಗ್ಲಿಷಿನ ಎರಡು ಪದಗಳಲ್ಲೂ ಇಲ್ಲ.

ಸಾಗರದಿಂದ

‘ಪಳಗಿಸು’ವುದಕ್ಕೆ ತಕರಾರಿಲ್ಲ, ಆದರೆ ‘ಹಳೆಯ’ದರಲ್ಲಿ ಪಕಾರ ಹಕಾರವಾಗಿ, ‘ಪಳಗು’ವಿನಲ್ಲಿ ಮಾತ್ರ ಹಾಗೆಯೇ ಉಳಿದದ್ದೇಕೆಂದು ಹೇಳದೆ ಬುಡದ ಮಾತೆತ್ತುವುದು ಪಾಯವಿಲ್ಲದ ಮನೆ.

ಆಯಿಲ್ಲಿಗೆ ನಮ್ಮಲ್ಲಿ ‘ಕೀಲೆಣ್ಣೆ’ ಎಂಬ ಸಿದ್ಧಪದವಿದೆ. ನಮ್ಮಜ್ಜ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಅದೇ. ಗಾಡಿ ಹೋಯಿತೆಂದು ಪದವನ್ನೂ ಕೊಟ್ಟಿಗೆಯ ಅಟ್ಟಕ್ಕೆ ಎಸೆಯಬೇಕೆ? ‘ಕೀಲೆಣ್ಣೆ ಬದಲಿಕೆ’ ಎಂದು ಶೀರ್ಷಿಕೆ ಕೊಡಿ. ಹೈಬ್ರಿಡ್ ಗಾಡಿಗೆ ‘ಬೆರಕೆ ಗಾಡಿ’ ಎನ್ನಿ. ಯಾರಾದರೂ ‘ತೈಲ’ವನ್ನು ತರುವ ಮೊದಲೇ ಹೇಳಿಬಿಡುತ್ತೇನೆ: ಇಂಗ್ಲಿಷಿನ ಎರವಲನ್ನು ಸೋರಿಸಿ ಸಂಸ್ಕೃತದ ಎರವಲನ್ನು ತುಂಬಿದರೆ ಬದಲಾಗುವುದು ಡಬ್ಬಿ ಮಾತ್ರ.

ಹೊಸನಗರದಿಂದ

‘ಎಣ್ಣೆ ಬದಲಿಸಿ’ ಎಂದರೆ ನಮ್ಮೂರಿನ ಹುಡುಗರು ಬ್ರಾಂದಿ ಬಿಟ್ಟು ವಿಸ್ಕಿ ಹಿಡಿಯಬೇಕೆಂದು ತಿಳಿಯುತ್ತಾರೆ. ‘ಬೆರಕೆ’ ಸೊಪ್ಪಿಗೆ ಸರಿ, ಲಕ್ಷಗಟ್ಟಲೆ ಕೊಟ್ಟು ತಂದ ವಾಹನಕ್ಕೆ ಬೈಗುಳ. ಎರಡೂ ಬೇಡ.

ಕೊಪ್ಪದಿಂದ

ಸಾಗರದವರು ತೈಲವನ್ನು ಗಡಿಯಾಚೆ ತಳ್ಳಿ ಎಣ್ಣೆಯನ್ನು ಅಚ್ಚಗನ್ನಡವೆಂದು ಹೊತ್ತು ಮೆರೆಸಿದ್ದಾರೆ. ತಿಲದಿಂದ ಬಂದದ್ದು ತೈಲ, ತಿಲವೆಂದರೆ ಎಳ್ಳು. ಬೆಳ್ ಮತ್ತು ನೆಯ್ ಕೂಡಿ ಬೆಣ್ಣೆಯಾದಂತೆ ಎಳ್ ಮತ್ತು ನೆಯ್ ಕೂಡಿ ಎಣ್ಣೆಯಾಯಿತು, ಅಲ್ಲಿರುವುದೂ ಎಳ್ಳೇ. ಇಂಗ್ಲಿಷಿನ ‘ಆಯಿಲ್’ ಲ್ಯಾಟಿನ್ನಿನ ‘ಓಲಿಯಮ್’ ಮೂಲಕ ಗ್ರೀಕರ ಆಲಿವ್ ಮರಕ್ಕೆ ಹೋಗಿ ನಿಲ್ಲುತ್ತದೆ. ಆ ಪಿಕಪ್ಪಿಗೆ ಹಾಕುವುದು ಎಳ್ಳಿನದೂ ಅಲ್ಲ, ಆಲಿವಿನದೂ ಅಲ್ಲ. 0ಡಬ್ಲ್ಯು-20 ದರ್ಜೆಯ ಎಂಜಿನ್ ಆಯಿಲ್, ಅದರಲ್ಲಿ ‘ಡಬ್ಲ್ಯು’ ಎಂದರೆ ಚಳಿಗಾಲ. ಮೂರು ಭಾಷೆಗಳೂ ಒಂದೊಂದು ಬೀಜದ ಅಥವಾ ಕಾಯಿಯ ಹೆಸರನ್ನು ಹಿಗ್ಗಿಸಿಕೊಂಡು ಇಲ್ಲಿಯವರೆಗೆ ಬಂದಿವೆ. ನಾವು ಕೊಬ್ಬರಿ ಎಣ್ಣೆ ಎಂದ ದಿನವೇ ಎಣ್ಣೆಯಿಂದ ಎಳ್ಳು ಉದುರಿಹೋಯಿತು; ಸೀಮೆಎಣ್ಣೆ ಎಂದಾಗ ಗಾಣದ ಸಂಬಂಧವೂ ಕಡಿಯಿತು. ಹೀಗಿರುವಾಗ ಒಂದನ್ನು ಮನೆಮಗಳು, ಇನ್ನೊಂದನ್ನು ಪರದೇಶಿ ಎನ್ನುವುದು ವಿದ್ವತ್ತಲ್ಲ, ಹಟ.

ನನ್ನ ಸಲಹೆ ‘ಸ್ನೇಹಕ’. ಸಂಸ್ಕೃತದಲ್ಲಿ ಸ್ನೇಹವೆಂದರೆ ಜಿಡ್ಡೂ ಹೌದು, ಒಲವೂ ಹೌದು. ಎರಡು ಲೋಹಗಳು ಕಾದಾಡದಂತೆ ನಡುವೆ ನಿಲ್ಲುವ ವಸ್ತುವಿಗೆ ಇದಕ್ಕಿಂತ ಸೊಗಸಾದ ಹೆಸರು ಯಾವುದು? ಪಠ್ಯಪುಸ್ತಕದ ‘ಸ್ನಿಗ್ಧತೆ’ಯೂ ಅದೇ ಧಾತುವಿನದು.

ಭದ್ರಾವತಿಯಿಂದ

ನಾನು ಪಂಡಿತನಲ್ಲ, ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಇದ್ದು ನಿವೃತ್ತನಾದವನು. ಅಷ್ಟೂ ವರ್ಷಗಳಲ್ಲಿ ಯಾರೂ ನನ್ನ ಬಳಿ ಕೀಲೆಣ್ಣೆ ಕೇಳಲಿಲ್ಲ, ಸ್ನೇಹಕವನ್ನಂತೂ ಇಂದೇ ಮೊದಲು ಕೇಳುತ್ತಿದ್ದೇನೆ. ಆಯಿಲ್ ಎಂದರು, ಗ್ರೀಸು ಎಂದರು, ಕೆಲಸ ನಡೆಯಿತು. ‘ರನ್ನಿಂಗ್ ಇನ್’ಗೆ ಗ್ಯಾರೇಜಿನವರು ‘ಎಂಜಿನ್ ಇನ್ನೂ ಟೈಟ್ ಇದೆ, ಫ್ರೀ ಆಗಲಿ, ಎಳೆಯಬೇಡಿ’ ಎನ್ನುತ್ತಾರೆ. ಬರಹಕ್ಕೆ ‘ಪಳಗಿಸುವುದು’ ಅದಕ್ಕಿಂತ ಚೆನ್ನಾಗಿದೆಯೆಂದು ಒಪ್ಪುತ್ತೇನೆ.

ಹೆಸರಿನ ಜಗಳದಲ್ಲಿ ಅರ್ಥ ಸೋರಿಹೋಗುತ್ತಿದೆ. ಕಾರ್ಖಾನೆಯ ಯಂತ್ರಕ್ಕೆ ನಾವು ಆಯಿಲ್ ಬದಲಿಸುತ್ತಿದ್ದದ್ದು ಅದು ಓಡಿದ ಗಂಟೆಗಳ ಲೆಕ್ಕದಲ್ಲಿ. ಹೈಬ್ರಿಡ್ಡಿನ ಮೀಟರು ತೋರಿಸುವ ಕಿಲೋಮೀಟರಿನಲ್ಲಿ ಎಂಜಿನ್ನಿನ ಪಾಲು ಒಂದಿಷ್ಟು, ಎಲೆಕ್ಟ್ರಿಕ್ ಮೋಟರಿನ ಪಾಲು ಒಂದಿಷ್ಟು. ಹಾಗೆಂದು ಆಯಿಲ್ ಹೆಚ್ಚು ಕಾಲ ಬಾಳುತ್ತದೆಂದು ತಿಳಿಯಬಾರದು. ಎಂಜಿನ್ ಆಗಾಗ ನಿಂತು, ಪೂರ್ತಿ ಕಾಯದೆಯೇ ಪ್ರಯಾಣ ಮುಗಿದರೆ ನೀರಿನ ಪಸೆಯೂ ಉರಿಯದೆ ಉಳಿದ ಪೆಟ್ರೋಲಿನ ಅಂಶವೂ ಆಯಿಲ್ಲಿನಲ್ಲೇ ಸೇರಿಕೊಂಡಿರುತ್ತವೆ. ಚೆನ್ನಾಗಿ ಕಾದರೆ ಅವು ಆವಿಯಾಗಿ ಹೋಗುತ್ತವೆ. ಕಿಲೋಮೀಟರಿನ ಪಕ್ಕದಲ್ಲಿ ‘ಅಥವಾ ಒಂದು ವರ್ಷ’ ಎಂಬ ಮಾತು ಇರಬೇಕಾದದ್ದು ಇದಕ್ಕೇ. ಅನುವಾದದಲ್ಲಿ ‘ಯಾವುದು ಮೊದಲೋ ಅದು’ ಎಂಬುದನ್ನು ಬಿಟ್ಟರೆ ನೀವು ಯಾವ ಪದ ಹಾಕಿದರೂ ವ್ಯರ್ಥ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆ ಸುತ್ತಿನಲ್ಲಿ, ಮನೆಯಿಂದ ಪೇಟೆಗೆ ಎರಡು ಮೈಲಿ ಹೋಗಿ ಬರುವುದಕ್ಕಷ್ಟೇ ಹೈಬ್ರಿಡ್ ಕಾರು ತೆಗೆಯುವವರಿಗೂ ಈ ಮಾತು ತಾಗುತ್ತದೆ.

ನಿಮ್ಮ ಮೂರನೆಯ ಪ್ರಶ್ನೆಗೆ ಪದ ಹುಡುಕಬೇಡಿ. ಕಣ್ಣಿಗೆ ಕಾಣುವುದನ್ನು ಹೇಳಿ. ಡ್ಯಾಶ್‌ಬೋರ್ಡಿನಲ್ಲಿ ಗಾಡಿ ಹೊರಡಲು ಸಿದ್ಧವೆಂದು ತೋರಿಸುವ ಹಸಿರು ದೀಪವಿರುತ್ತದೆ. ಅದು ಆರಿದ್ದರೆ ಗಾಡಿ ಆಫ್. ಉರಿಯುತ್ತಿದ್ದರೆ, ಎಷ್ಟೇ ನಿಶ್ಶಬ್ದವಿದ್ದರೂ, ಆಫ್ ಅಲ್ಲ.

ಸಾಗರದಿಂದ, ಮತ್ತೆ

ಯಂತ್ರದ ಪಕ್ಕದಲ್ಲಿ ಆಡಿದ್ದೆಲ್ಲ ಪದವೆನ್ನುವುದಾದರೆ ನಿಘಂಟು ಬೇಡ, ಗ್ಯಾರೇಜಿನ ಬಿಲ್ಲು ಸಾಕು. ಕೊಪ್ಪದ ಮೇಷ್ಟ್ರಿಗೆ: ಎಣ್ಣೆಯೊಳಗೆ ಎಳ್ಳಿದೆಯೆಂದು ನನಗೂ ಗೊತ್ತು. ನನ್ನ ಪ್ರಶ್ನೆ ಪದ ಎಲ್ಲಿಂದ ಬಂತೆಂಬುದಲ್ಲ, ಅದರಿಂದ ಮುಂದೆ ಏನು ಹುಟ್ಟುತ್ತದೆಂಬುದು. ಎಣ್ಣೆಯಿಂದ ಕೀಲೆಣ್ಣೆ, ಸೀಮೆಎಣ್ಣೆ, ಎಣ್ಣೆಗೆಂಪು, ಎಣ್ಣೆಗಾಯಿ ಹುಟ್ಟಿದವು. ಆಯಿಲ್ಲಿನಿಂದ ಏನು ಹುಟ್ಟಿದೆ?

ಹೊಸನಗರದಿಂದ, ಮತ್ತೆ

ಆಯಿಲ್ ಮಿಲ್ಲು. ಅಲ್ಲಿ ಎಣ್ಣೆ ಸಿಗುತ್ತದೆ.

ಶಿವಮೊಗ್ಗದಿಂದ, ಕೊನೆಗೆ

ಎಲ್ಲರಿಗೂ ಕೃತಜ್ಞತೆ. ರಾತ್ರಿ ಕುಳಿತು ತಿದ್ದಿದ ಭಾಗಗಳನ್ನು ಇಲ್ಲಿ ಇಡುತ್ತಿದ್ದೇನೆ. ಶೀರ್ಷಿಕೆ: ‘ಹೊಸ ಪಿಕಪ್ಪನ್ನು ಪಳಗಿಸುವ ಮೊದಲ 1,600 ಕಿಲೋಮೀಟರ್’. ಇದರ ವ್ಯುತ್ಪತ್ತಿ ಹೇಗೇ ಇರಲಿ, ಪಕ್ಕದ ಮನೆಯವರಿಗೆ ಓದಿ ಹೇಳಿದಾಗ ಅವರು ಏನೆಂದು ಮರುಪ್ರಶ್ನೆ ಕೇಳಲಿಲ್ಲ. ಒಳಗಿನ ವಾಕ್ಯ: ‘ಎಂಜಿನ್ ಆಯಿಲ್ಲನ್ನು ಗಾಡಿ ಸೂಚಿಸಿದಾಗ ಬದಲಿಸಬೇಕು, ಸೂಚನೆ ಬಾರದಿದ್ದರೂ 16,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದನ್ನು ಮೀರಬಾರದು.’ ಸಾಗರದವರು ಬೇಸರಿಸಬಾರದು: ಆಯಿಲ್ ಏನು ಮಾಡುತ್ತದೆಂದು ವಿವರಿಸುವ ಕಡೆ ‘ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಮಾಡುತ್ತಿದ್ದ ಕೆಲಸವನ್ನೇ’ ಎಂದು ಸೇರಿಸಿದ್ದೇನೆ. ಸ್ನೇಹಕಕ್ಕೆ ಜಾಗ ಸಿಗಲಿಲ್ಲ. ಹೈಬ್ರಿಡ್ ಹೈಬ್ರಿಡ್ಡಾಗಿಯೇ ಉಳಿದಿದೆ. ಜೋಳದ ಬಿತ್ತನೆಯ ಕಾಲದಿಂದ ನಮ್ಮ ರೈತರು ಬಳಸುತ್ತಿರುವ ಪದವನ್ನು ಈಗ ಹೊರಹಾಕಲು ನನಗೆ ಮನಸ್ಸಿಲ್ಲ. ಎಚ್ಚರಿಕೆಯನ್ನು ಭದ್ರಾವತಿಯವರ ಮಾತಿನಂತೆ ಹೀಗೆ ಬರೆದಿದ್ದೇನೆ: ‘ಸದ್ದಿಲ್ಲವೆಂದು ಗಾಡಿ ಆಫ್ ಆಗಿದೆ ಎಂದುಕೊಳ್ಳಬೇಡಿ, ಹಸಿರು ದೀಪ ಆರಿದೆಯೇ ಎಂದು ನೋಡಿಯೇ ಬಾನೆಟ್ ಎತ್ತಿ.’

ಇಷ್ಟಾದ ಮೇಲೆ ಸಂಪಾದಕರು ಫೋನ್ ಮಾಡಿ, ಆಯಿಲ್ ಮಟ್ಟ ನೋಡಲು ಎಂಜಿನ್ನಿನೊಳಗೆ ಅದ್ದಿ ತೆಗೆಯುವ ಕಡ್ಡಿಗೆ ಹೇಳುವ ‘ಡಿಪ್‌ಸ್ಟಿಕ್’ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ ಎಂದರು. ಸದ್ಯಕ್ಕೆ ‘ಅಳತೆಕಡ್ಡಿ’ ಎಂದಿಟ್ಟಿದ್ದೇನೆ. ತಕರಾರಿದ್ದವರು ಮಧ್ಯಾಹ್ನ ಎರಡು ಗಂಟೆಯೊಳಗೆ ಬರೆಯಿರಿ.