ರೀಡರ್‌ನಲ್ಲಿ ಬೀಪ್ ಬರುತ್ತೆ, ಸಾಫ್ಟ್‌ವೇರ್‌ನಲ್ಲಿ ಏನೂ ಬರಲ್ಲ: ಆರ್‌ಎಫ್‌ಐಡಿ ಬಾಗಿಲು ಜೋಡಣೆ

ಚಿಲಕ_ಕೊಂಡಿ:

ಮೂರು ಬಾಗಿಲಿಗೆ ಕಾರ್ಡ್ ಆಕ್ಸೆಸ್ ಹಾಕುವ ಕೆಲಸ. ನಾಲ್ಕು ಬಾಗಿಲಿನ ಕಂಟ್ರೋಲರ್, 26 ಬಿಟ್ ವೀಗಂಡ್ ಔಟ್‌ಪುಟ್ (ಕಾರ್ಡ್ ನಂಬರನ್ನು ಡಿ0, ಡಿ1 ಎಂಬ ಎರಡು ಡೇಟಾ ತಂತಿಯಲ್ಲಿ ಕಳಿಸುವ ವಿಧಾನ) ಇರುವ 125 ಕಿಲೋಹರ್ಟ್ಜ್ ರೀಡರ್‌ಗಳು, 280 ಕೆಜಿ ಹಿಡಿತದ ಇಎಂ ಲಾಕ್‌ಗಳು (ಕರೆಂಟ್ ಇರುವವರೆಗೆ ಬಾಗಿಲು ಹಿಡಿದಿಡುವ ವಿದ್ಯುತ್ಕಾಂತ, 12 ವೋಲ್ಟ್, 500 ಮಿಲಿಆಂಪ್), ಎಲ್ಲಕ್ಕೂ ಸೇರಿ 12 ವೋಲ್ಟ್ 5 ಆಂಪ್‌ನ ಒಂದೇ ಪವರ್ ಸಪ್ಲೈ. ಮೊದಲನೇ ಬಾಗಿಲು ಮಾತ್ರ ಜೋಡಿಸಿದ್ದು, ತೊಂದರೆ ಹೀಗಿದೆ.

ಕಂಟ್ರೋಲರ್ 40 ಮೀಟರ್ ದೂರ ಇರುವುದರಿಂದ ರೀಡರ್‌ಗೆ ಬಾಗಿಲ ಹತ್ತಿರವೇ ಬೇರೆ ಅಡಾಪ್ಟರ್‌ನಿಂದ 12 ವೋಲ್ಟ್ ಕೊಟ್ಟಿದೆ. ಅಲ್ಲಿಂದ ಡಿ0, ಡಿ1 ಎರಡೇ ತಂತಿ ಕಂಟ್ರೋಲರ್‌ಗೆ ಹೋಗಿವೆ. ಕಾರ್ಡ್ ತೋರಿಸಿದರೆ ಬೀಪ್ ಬರುತ್ತೆ, ದೀಪ ಮಿನುಗುತ್ತೆ, ಸಾಫ್ಟ್‌ವೇರ್‌ನಲ್ಲಿ ಒಂದು ಸಾಲೂ ಬರಲ್ಲ. ಯಾವಾಗಲೋ ಒಮ್ಮೆ ಬಂದರೆ ನಂಬರ್ ಬೇರೆ. ಕಾರ್ಡ್ ಮೇಲೆ 0005124153 078,12345 ಅಂತ ಅಚ್ಚಾಗಿದೆ. ಸಾಫ್ಟ್‌ವೇರ್ 177, 53190 ಅನ್ನುತ್ತೆ.

ಚೌಕಟ್ಟು ಕಬ್ಬಿಣದ್ದು, ರೀಡರ್ ನೇರ ಅದರ ಮೇಲೇ ಕೂತಿದೆ. ಕಾರ್ಡ್ ಹೆಚ್ಚುಕಡಿಮೆ ತಾಗಿಸಿದರೇ ಓದೋದು. ಕೇಬಲ್ ಕ್ಯಾಟ್ 6. ಲಾಕ್‌ಗೂ ಅದೇ ಕೇಬಲ್‌ನ ಒಂದು ಜೋಡಿ ಬಳಸಿದೆ. ಲಾಕ್ ಬಿಡುವ ಹೊತ್ತಿಗೆ ಆಗಾಗ ಕಂಟ್ರೋಲರ್ ರೀಸ್ಟಾರ್ಟ್ ಆಗುತ್ತೆ. ರೀಡರ್ ಬದಲಿಸಬೇಕಾ?

ಮಲ್ಟಿಮೀಟರ್:

ರೀಡರ್ ಬದಲಿಸಬೇಡಿ, ಅದು ಸರಿಯಾಗೇ ಇದೆ. ಬೀಪ್ ಅಂದರೆ ರೀಡರ್ ಕಾರ್ಡನ್ನು ಓದಿತು ಅಂತ ಅಷ್ಟೇ, ಕಂಟ್ರೋಲರ್‌ಗೆ ಅದು ಕೇಳಿಸಿತು ಅಂತಲ್ಲ.

ವೀಗಂಡ್‌ನಲ್ಲಿ ಎರಡೂ ಡೇಟಾ ತಂತಿ ಸುಮ್ಮನಿರುವಾಗ ಸುಮಾರು 5 ವೋಲ್ಟ್‌ನಲ್ಲಿರುತ್ತವೆ. ‘0’ ಕಳಿಸಬೇಕಾದರೆ ಡಿ0, ‘1’ ಕಳಿಸಬೇಕಾದರೆ ಡಿ1, ಸುಮಾರು 50 ಮೈಕ್ರೋಸೆಕೆಂಡ್ ಹೊತ್ತು ಗ್ರೌಂಡ್‌ಗೆ ಇಳಿಯುತ್ತೆ. ಯಾರ ಗ್ರೌಂಡ್‌ಗೆ? ನಿಮ್ಮ ಜೋಡಣೆಯಲ್ಲಿ ಅಡಾಪ್ಟರ್‌ನ ಗ್ರೌಂಡ್‌ಗೆ. ಅದಕ್ಕೂ ಕಂಟ್ರೋಲರ್‌ನ ಗ್ರೌಂಡ್‌ಗೂ ಸಂಪರ್ಕವೇ ಇಲ್ಲ. ಹಾಗಾಗಿ ಆ ಇಳಿತ ಕಂಟ್ರೋಲರ್‌ಗೆ ಕಾಣಲ್ಲ, ಕಂಡರೂ ಅರೆಬರೆ.

ಅಡಾಪ್ಟರ್ ತೆಗೆದುಹಾಕಿ. ರೀಡರ್ ಎಳೆಯುವುದು ಸಾಮಾನ್ಯವಾಗಿ 100 ಮಿಲಿಆಂಪ್‌ನ ಆಸುಪಾಸು. ಕಂಟ್ರೋಲರ್‌ನ ರೀಡರ್ ಟರ್ಮಿನಲ್‌ನಿಂದಲೇ 12 ವೋಲ್ಟ್, ಗ್ರೌಂಡ್ ಎರಡೂ ತನ್ನಿ. ಅಡಾಪ್ಟರ್ ಉಳಿಸಲೇಬೇಕಾದರೆ ಅದರ ಮೈನಸ್‌ನಿಂದ ಕಂಟ್ರೋಲರ್ ಗ್ರೌಂಡ್‌ಗೆ ಒಂದು ತಂತಿ ಎಳೆಯಿರಿ. ಪ್ಲಸ್‌ಗಳನ್ನು ಮಾತ್ರ ಒಂದು ಮಾಡಬೇಡಿ.

ಇನ್ನು ನಂಬರ್ ವಿಷಯ, ಇದು ಮಜವಾಗಿದೆ. 255ರಲ್ಲಿ 78 ಕಳೆದರೆ 177. 65535ರಲ್ಲಿ 12345 ಕಳೆದರೆ 53190. ಅಂದರೆ ಪ್ರತಿ ಬಿಟ್ಟೂ ತಿರುವುಮುರುವು. ಡಿ0, ಡಿ1 ಅದಲುಬದಲಾಗಿವೆ. ಸಾಮಾನ್ಯವಾಗಿ ಹಸಿರು ಡಿ0, ಬಿಳಿ ಡಿ1. ಆದರೂ ಬಣ್ಣ ನಂಬದೆ ರೀಡರ್ ಜೊತೆ ಬಂದ ಚೀಟಿ ನೋಡಿ ಹಾಕಿ.

ಇಲ್ಲಿ ಇನ್ನೊಂದು ಸುಳಿವೂ ಇದೆ. 26 ಬಿಟ್‌ನಲ್ಲಿ ಮೊದಲನೆಯದು ಮತ್ತು ಕೊನೆಯದು ಪ್ಯಾರಿಟಿ (1ಗಳ ಎಣಿಕೆ ಸಮವೋ ಬೆಸವೋ ನೋಡಿ ತಪ್ಪು ಹಿಡಿಯುವ ಬಿಟ್), ನಡುವೆ 8 ಬಿಟ್ ಫೆಸಿಲಿಟಿ ಕೋಡ್ (ಇಲ್ಲಿ 78), 16 ಬಿಟ್ ಕಾರ್ಡ್ ನಂಬರ್ (ಇಲ್ಲಿ 12345). ಒಂದೊಂದು ಪ್ಯಾರಿಟಿ ಗುಂಪಿನಲ್ಲೂ 13 ಬಿಟ್. 13 ಬೆಸ ಸಂಖ್ಯೆಯಾದ್ದರಿಂದ ಎಲ್ಲ ಬಿಟ್ ತಿರುಗಿದರೆ ಪ್ಯಾರಿಟಿ ತಪ್ಪಲೇಬೇಕು. ಆದರೂ ನಂಬರ್ ಒಳಗೆ ಬಂದಿದೆ ಅಂದರೆ ನಿಮ್ಮ ಕಂಟ್ರೋಲರ್ ಪ್ಯಾರಿಟಿ ನೋಡುತ್ತಿಲ್ಲ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ಇಲ್ಲದಿದ್ದರೆ ಗದ್ದಲದಲ್ಲಿ ಹುಟ್ಟಿದ ನಂಬರ್‌ಗಳೂ ಲಾಗ್‌ನಲ್ಲಿ ಬಂದು ಕೂರುತ್ತವೆ.

ಕಾರ್ಡ್ ಮೇಲಿನ ಎರಡು ನಂಬರೂ ಒಂದೇ: 78 × 65536 + 12345 = 5124153. ಕೆಲವು ಸಾಫ್ಟ್‌ವೇರ್ ಉದ್ದದ್ದು ಕೇಳುತ್ತವೆ, ಕೆಲವು ತುಂಡು ಮಾಡಿದ್ದು. ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಬಾಗಿಲ ರೀಡರ್‌ನಲ್ಲೇ ತೋರಿಸಿ ನೋಂದಾಯಿಸುವುದು ಕ್ಷೇಮ.

ಹನ್ನೆರಡು_ವೋಲ್ಟ್:

ಮೇಲಿನದ್ದು ಸರಿ. ಆದರೆ ಲಾಕ್ ವೈರಿಂಗ್ ಹೀಗೇ ಬಿಟ್ಟರೆ ಗ್ರೌಂಡ್ ಸರಿಮಾಡಿದ ಮೇಲೂ ಕಾಟ ತಪ್ಪಲ್ಲ.

ಮೊದಲು ವೋಲ್ಟೇಜ್. ಕ್ಯಾಟ್ 6ನ 23 ಗೇಜ್ ತಂತಿಗೆ ಕಿಲೋಮೀಟರ್‌ಗೆ ಸುಮಾರು 67 ಓಮ್. 40 ಮೀಟರ್ ಹೋಗಿ 40 ಬಂದರೆ 5.3 ಓಮ್. ಲಾಕ್‌ನ ಕಾಯಿಲ್ 24 ಓಮ್. ಹಂಚಿಕೆಯಾಗಿ ಲಾಕ್‌ಗೆ ಸಿಗುವುದು 10 ವೋಲ್ಟ್‌ಗೂ ಸ್ವಲ್ಪ ಕಡಿಮೆ. 280 ಕೆಜಿ ಅನ್ನುವ ಮಾತು ಪೂರ್ತಿ 12 ವೋಲ್ಟ್ ಇದ್ದಾಗಿನದು, ನೆನಪಿರಲಿ. ಲಾಕ್‌ಗೆ 1.5 ಚದರ ಮಿ.ಮೀ. ತಾಮ್ರದ ಎರಡು ಎಳೆ ಬೇರೆಯಾಗಿಯೇ ಎಳೆಯಿರಿ. ಆಗ ಅಷ್ಟೇ ದೂರಕ್ಕೆ ಅರ್ಧ ವೋಲ್ಟ್‌ ಮಾತ್ರ ನಷ್ಟ. ಅಳೆಯುವುದು ಲಾಕ್‌ನ ಟರ್ಮಿನಲ್‌ನಲ್ಲಿ, ಲಾಕ್ ಹಿಡಿದಿರುವಾಗ. ಪವರ್ ಸಪ್ಲೈ ಹತ್ತಿರ ಅಳೆದು 12 ಇದೆ ಅಂದುಕೊಂಡರೆ ಉಪಯೋಗವಿಲ್ಲ.

ರೀಸ್ಟಾರ್ಟ್‌ಗೆ ಕಾರಣ ಕಾಯಿಲ್‌ನ ಹಿಮ್ಮೆಟ್ಟು. ಕರೆಂಟ್ ಕಡಿದ ಕ್ಷಣ ಕಾಯಿಲ್‌ನಲ್ಲಿ ನೂರಾರು ವೋಲ್ಟ್‌ನ ಉಲ್ಟಾ ಏರಿಕೆ ಹುಟ್ಟುತ್ತೆ. ಅದು ನಿಮ್ಮ ಒಂದೇ ಪವರ್ ಸಪ್ಲೈ ಮೂಲಕ ಕಂಟ್ರೋಲರ್‌ಗೆ ನುಗ್ಗುತ್ತೆ, ಒಂದೇ ಕೇಬಲ್‌ನಲ್ಲಿರುವುದರಿಂದ ಡೇಟಾ ಜೋಡಿಗೂ ಹಾರುತ್ತೆ, ದಿನಗಳೆದಂತೆ ಲಾಕ್‌ನ ಕರೆಂಟ್ ಕಡಿದು ಕೂಡಿಸುವ ರಿಲೇ ಪಾಯಿಂಟನ್ನೂ ಸುಡುತ್ತೆ. ಲಾಕ್ ಟರ್ಮಿನಲ್‌ಗೇ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ನೇರ ಶಾರ್ಟ್, ಆದ್ದರಿಂದ ಎರಡು ಸಲ ನೋಡಿ. ಡಯೋಡ್ ಕಂಟ್ರೋಲರ್ ಹತ್ತಿರ ಹಾಕಿದರೆ ನಡುವಿನ 40 ಮೀಟರ್ ತಂತಿ ಗದ್ದಲ ಬೀರುತ್ತಲೇ ಇರುತ್ತೆ. ಲಾಕ್ ಬಿಡುವುದು ತುಸು ತಡವಾಗುತ್ತೆ. ಕೆಲವು ಲಾಕ್‌ಗಳಲ್ಲಿ ಇದಕ್ಕೆ ಒಳಗೇ ವ್ಯವಸ್ಥೆ ಇರುತ್ತೆ, ಚೀಟಿ ನೋಡಿ.

ಸಾಧ್ಯವಾದರೆ ಲಾಕ್‌ಗಳಿಗೆ ಒಂದು ಪವರ್ ಸಪ್ಲೈ, ಕಂಟ್ರೋಲರ್ ಮತ್ತು ರೀಡರ್‌ಗಳಿಗೆ ಇನ್ನೊಂದು. ರೀಡರ್‌ನ ಗ್ರೌಂಡ್ ಕಂಟ್ರೋಲರ್ ಜೊತೆ ಒಂದಾಗಲೇಬೇಕು. ಲಾಕ್‌ನದ್ದು ಆಗಬೇಕಿಲ್ಲ, ಏಕೆಂದರೆ ರಿಲೇ ಬರೀ ಒಣ ಸಂಪರ್ಕ, ಅಂದರೆ ತಾನು ಕರೆಂಟ್ ಕೊಡದ ಸ್ವಿಚ್. ಇಎಂ ಲಾಕ್‌ನ ಪ್ಲಸ್ ರಿಲೇಯ ಕಾಮ್ (ನಡುವಿನ ಟರ್ಮಿನಲ್) ಮತ್ತು ಎನ್‌ಸಿ (ರಿಲೇ ಸುಮ್ಮನಿರುವಾಗ ಕೂಡಿರುವ ಟರ್ಮಿನಲ್) ಮೂಲಕ ಹೋಗಲಿ.

ಉಳಿಯುವ ಕ್ಯಾಟ್ 6 ರೀಡರ್‌ಗೆ ಸಾಕು. ಆದರೆ ಡಿ0, ಡಿ1 ಎರಡನ್ನೂ ಒಂದೇ ತಿರುಚಿದ ಜೋಡಿಯಲ್ಲಿ ಹಾಕಬೇಡಿ, ಒಂದರ ಪಲ್ಸ್ ಇನ್ನೊಂದರಲ್ಲಿ ಮೂಡುತ್ತೆ. ಡಿ0 ಒಂದು ಜೋಡಿಯಲ್ಲಿ ಗ್ರೌಂಡ್ ಜೊತೆ, ಡಿ1 ಇನ್ನೊಂದು ಜೋಡಿಯಲ್ಲಿ ಗ್ರೌಂಡ್ ಜೊತೆ. ಶೀಲ್ಡ್ ಇದ್ದರೆ ಕಂಟ್ರೋಲರ್ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ, ರೀಡರ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ. ವೀಗಂಡ್‌ಗೆ ಸರಿಯಾದ ದಪ್ಪದ ತಂತಿಯಲ್ಲಿ 150 ಮೀಟರ್‌ವರೆಗೆ ಹೇಳುತ್ತಾರೆ, ನಿಮ್ಮದು ಸಮಸ್ಯೆಯ ದೂರವೇ ಅಲ್ಲ.

ತಾಮ್ರತಂತಿ:

ಓದುವ ದೂರದ ಬಗ್ಗೆ ಯಾರೂ ಹೇಳಿಲ್ಲ. ರೀಡರ್‌ನ ಆಂಟೆನಾ ಒಂದು ಕಾಯಿಲ್. ಹಿಂದೆ ಕಬ್ಬಿಣ ಬಂದರೆ ಅದರ ಶ್ರುತಿ ತಪ್ಪುತ್ತೆ, ಜೊತೆಗೆ ಲೋಹದಲ್ಲಿ ಹುಟ್ಟುವ ಸುಳಿ ಕರೆಂಟು ಕ್ಷೇತ್ರವನ್ನು ತಿಂದುಹಾಕುತ್ತೆ. ನಡುವೆ 20 ಮಿ.ಮೀ. ದಪ್ಪದ ಅಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಹಲಗೆ ಕೊಡಿ. ಜಾಗವಿಲ್ಲದಿದ್ದರೆ ಫೆರೈಟ್ ಹಾಳೆ. ಇನ್ನೂ ಒಳ್ಳೆಯದು, ಪಕ್ಕದ ಗೋಡೆಗೆ ಸರಿಸುವುದು. ನೆಲದಿಂದ ಒಂದು ಮೀಟರ್ ಎತ್ತರ ಎಲ್ಲರಿಗೂ ಎಟಕುತ್ತೆ.

ಒಳಗೂ ಹೊರಗೂ ರೀಡರ್ ಇರುವ ಬಾಗಿಲಿದ್ದರೆ ತೆಳು ಗೋಡೆಯ ಎರಡು ಬದಿ ಬೆನ್ನಿಗೆ ಬೆನ್ನು ಕೂರಿಸಬೇಡಿ. ಎರಡೂ 125 ಕಿಲೋಹರ್ಟ್ಜ್‌ನಲ್ಲೇ ಕೂಗುತ್ತಿರುತ್ತವೆ, ಒಂದು ಇನ್ನೊಂದನ್ನು ಕಿವುಡು ಮಾಡುತ್ತೆ. ಅರ್ಧ ಮೀಟರ್ ಆಚೀಚೆ ಮಾಡಿ. ಅಗ್ಗದ ಸ್ವಿಚಿಂಗ್ ಅಡಾಪ್ಟರ್‌ನ ಗದ್ದಲವೂ ಇದೇ ಆವರ್ತನದ ಸುತ್ತ ಬೀಳಬಹುದು. ಅನುಮಾನ ಬಂದರೆ ರೀಡರನ್ನು ಕೈಯಲ್ಲಿ ಹಿಡಿದು, 12 ವೋಲ್ಟ್ ಬ್ಯಾಟರಿಯಿಂದ ನಡೆಸಿ ನೋಡಿ. ಬ್ಯಾಟರಿಯಲ್ಲಿ ದೂರ ಹೆಚ್ಚಾದರೆ ದೋಷ ಪವರ್ ಸಪ್ಲೈಯದು.

ಚಿಲಕ_ಕೊಂಡಿ:

ಎಲ್ಲರಿಗೂ ಧನ್ಯವಾದ. ರೀಡರ್‌ನ 12 ವೋಲ್ಟ್, ಗ್ರೌಂಡ್ ಕಂಟ್ರೋಲರ್‌ನಿಂದ ತಂದು, ಡಿ0 ಡಿ1 ಬದಲಿಸಿದ ಮೇಲೆ 78, 12345 ಸರಿಯಾಗಿ ಬಂತು. ಅಕ್ರಿಲಿಕ್ ಹಾಕಿ 6 ಸೆಂ.ಮೀ. ಓದುತ್ತಿದೆ. ಡಯೋಡ್ ಹಾಕಿದ ಮೇಲೆ ರೀಸ್ಟಾರ್ಟ್ ಇಲ್ಲ.

ಎರಡು ಪ್ರಶ್ನೆ ಉಳಿದಿವೆ. ಮೂರನೇ ಬಾಗಿಲು ಹೊರಗಿನ ಬೀದಿಗೆ ತೆರೆಯುತ್ತೆ. ಅಲ್ಲಿಗೆ ಕೀಪ್ಯಾಡ್, ರಿಲೇ ಎಲ್ಲ ಒಳಗೇ ಇರುವ ಸ್ಟ್ಯಾಂಡ್‌ಅಲೋನ್ ರೀಡರ್ ಸಾಕಲ್ಲವಾ? ಎಕ್ಸಿಟ್ ಬಟನ್ ಕಂಟ್ರೋಲರ್‌ಗೆ ಮಾತ್ರ ಕೊಟ್ಟರೆ ಆಯಿತಾ?

ಹನ್ನೆರಡು_ವೋಲ್ಟ್:

ಬೀದಿ ಬಾಗಿಲಿಗೆ ಅದು ಬೇಡವೇ ಬೇಡ ಸರ್. ರಿಲೇ ಹೊರಗಿನ ಡಬ್ಬಿಯಲ್ಲಿದ್ದರೆ ಲಾಕ್‌ನ ತಂತಿಯೂ ಹೊರಗೇ ಬಂದ ಹಾಗೆ. ಎರಡು ಸ್ಕ್ರೂ ಬಿಚ್ಚಿ ಲಾಕ್‌ನ ತಂತಿ ಕತ್ತರಿಸಿದರೆ ಇಎಂ ಲಾಕ್ ಬಿಡುತ್ತೆ, ಕಾರ್ಡೇ ಬೇಕಾಗಲ್ಲ. ಹೊರಗೆ ಬರೀ ರೀಡರ್ ಇರಲಿ, ರಿಲೇ ಒಳಗೆ. ಟ್ಯಾಂಪರ್ ತಂತಿ (ರೀಡರ್ ಬಿಚ್ಚಿದರೆ ಸುಳಿವು ಕೊಡುವುದು) ಇದ್ದರೆ ಅದನ್ನೂ ಕಂಟ್ರೋಲರ್‌ನ ಇನ್‌ಪುಟ್‌ಗೆ ಕೊಡಿ.

ಎಕ್ಸಿಟ್ ಬಟನ್ ಕಂಟ್ರೋಲರ್‌ಗೆ ಮಾತ್ರ ಕೊಟ್ಟರೆ, ಕಂಟ್ರೋಲರ್ ಹ್ಯಾಂಗ್ ಆದ ದಿನ ಒಳಗಿರುವವರು ಒಳಗೇ. ಎರಡು ಪೋಲ್ ಬಟನ್ ತನ್ನಿ: ಒಂದು ಸಂಪರ್ಕ ಕಂಟ್ರೋಲರ್‌ಗೆ, ಇನ್ನೊಂದು ಲಾಕ್‌ನ ಪ್ಲಸ್ ತಂತಿಯನ್ನೇ ಕಡಿಯುವಂತೆ. ಅದೇ ತಂತಿಯಲ್ಲಿ ಸರಣಿಯಾಗಿ ತುರ್ತು ಬ್ರೇಕ್‌ಗ್ಲಾಸ್ (ಗಾಜು ಒಡೆದು ಬಾಗಿಲು ಬಿಡಿಸುವ ಸ್ವಿಚ್), ಫೈರ್ ಪ್ಯಾನೆಲ್‌ನ ರಿಲೇ ಸಂಪರ್ಕ. ಬೆಂಕಿ ಅಲಾರಂ ಬಂದಾಗ ಬಾಗಿಲು ಬಿಡುವುದು ಸಾಫ್ಟ್‌ವೇರ್‌ನ ನಿರ್ಧಾರ ಆಗಬಾರದು, ತಂತಿ ಕಡಿಯಲೇಬೇಕು.

ಮಲ್ಟಿಮೀಟರ್:

ಬೀದಿ ಬಾಗಿಲು ಅಂದಿದ್ದಕ್ಕೆ ಇನ್ನೊಂದು ಮಾತು. 125 ಕಿಲೋಹರ್ಟ್ಜ್‌ನ ಇಎಂ4100 ಬಗೆಯ ಕಾರ್ಡ್ ಯಾರು ಕೇಳಿದರೂ ತನ್ನ ನಂಬರ್ ಹೇಳಿಬಿಡುತ್ತೆ. ಟಿ5577 ಚಿಪ್‌ಗೆ ಅದನ್ನು ಬರೆದರೆ ನಕಲು ಸಿದ್ಧ. ಒಳಗಿನ ಬಾಗಿಲಿಗೆ ಪರವಾಗಿಲ್ಲ, ಬೀದಿಗೆ ಸಾಲದು. ಮೈಫೇರ್ ಕ್ಲಾಸಿಕ್‌ನ ಗೂಢಲಿಪಿಯೂ 2008ರಲ್ಲೇ ಮುರಿದುಬಿತ್ತು. ಡೆಸ್‌ಫೈರ್ ಇವಿ2 ಅಥವಾ ಇವಿ3 ಕಾರ್ಡ್ ಹಾಕಿ. ರೀಡರ್ ಕಾರ್ಡ್‌ನ ಯುಐಡಿ (ಯಾರು ಬೇಕಾದರೂ ಓದಬಹುದಾದ ಗುರುತು ನಂಬರ್) ಮಾತ್ರ ಓದುವ ಬದಲು ಕೀಲಿ ಹಾಕಿದ ಫೈಲ್ ಓದುವಂತೆ ಸೆಟ್ ಮಾಡಿ. ಬರೀ ಯುಐಡಿ ಓದಿಸಿದರೆ ದುಬಾರಿ ಕಾರ್ಡ್‌ನಿಂದ ಏನೂ ಗಿಟ್ಟಲ್ಲ.

ಕಂಟ್ರೋಲರ್ ಒಪ್ಪುವುದಾದರೆ ಆ ಬಾಗಿಲಿಗೆ ವೀಗಂಡ್ ಬಿಟ್ಟು ಓಎಸ್‌ಡಿಪಿ (ರೀಡರ್, ಕಂಟ್ರೋಲರ್ ಮಾತಾಡಿಕೊಳ್ಳುವ ಇನ್ನೊಂದು ವಿಧಾನ) ನೋಡಿ. ಆರ್‌ಎಸ್-485ನ ಒಂದೇ ಜೋಡಿ ತಂತಿ, ಎಇಎಸ್-128 ಗೂಢಲಿಪಿಯ ಸುರಕ್ಷಿತ ಚಾನೆಲ್. ವೀಗಂಡ್‌ನಲ್ಲಿ ತಂತಿಗೆ ಕಿವಿಗೊಟ್ಟವರಿಗೆ ನಂಬರ್ ಬಯಲಾಗೇ ಸಿಗುತ್ತೆ. ಓಎಸ್‌ಡಿಪಿಯಲ್ಲಿ ಸುರಕ್ಷಿತ ಚಾನೆಲ್ ತಾನಾಗೇ ಆನ್ ಆಗಿರುತ್ತೆ ಅಂದುಕೊಳ್ಳಬೇಡಿ, ಕೀಲಿ ಬದಲಿಸಿ ಆನ್ ಮಾಡಬೇಕು. ರೀಡರ್‌ಗಳ ವಿಳಾಸ ಒಂದೇ ಇಲ್ಲದಂತೆ, ಬಾಡ್ ರೇಟ್ (ಡೇಟಾ ಹೋಗುವ ವೇಗ) ಎರಡೂ ಕಡೆ ಒಂದೇ ಇರುವಂತೆ ನೋಡಿ.

ತಾಮ್ರತಂತಿ:

ಇಎಂ ಲಾಕ್‌ನ ಎದುರು ತಟ್ಟೆಯನ್ನು ಬಿಗಿಯಾಗಿ ಕಚ್ಚಿಸಬೇಡಿ. ನಡುವಿನ ಬೋಲ್ಟ್‌ಗೆ ರಬ್ಬರ್ ವಾಷರ್ ಹಾಕಿ ತಟ್ಟೆ ತುಸು ಅಲುಗುವಂತಿರಬೇಕು. ಆಗಲೇ ಅದು ತಾನಾಗಿ ಲಾಕ್ ಮುಖಕ್ಕೆ ಸಮವಾಗಿ ಕೂರೋದು. ಕಾಗದದಷ್ಟು ಸಂದು ಉಳಿದರೂ ಹಿಡಿತ ಬಹಳ ಇಳಿಯುತ್ತೆ.